ಕೊನೆಗಾರನ ಕುಡಿತಕ್ಕೆ ಫಿಟ್ಸ್ ಮಾತ್ರೆ: ಒಂದು ಪ್ರಕರಣ ಅಧ್ಯಯನ

ಶಿವಮೊಗ್ಗ ಜಿಲ್ಲೆಯ ಅಡಿಕೆ ಸೀಮೆಯಲ್ಲಿ ನಾನು ಮನೋವೈದ್ಯೆ. ಇಲ್ಲಿ ಬರೆಯುತ್ತಿರುವುದು ಒಬ್ಬ ರೋಗಿಯ ಒಂದೂವರೆ ವರ್ಷದ ಕಥೆ. ಅವರ ಮತ್ತು ಅವರ ಹೆಂಡತಿಯ ಒಪ್ಪಿಗೆ ಪಡೆದಿದ್ದೇನೆ. ಹೆಸರು ಹೇಳುವುದಿಲ್ಲ. ಊರು, ವಯಸ್ಸು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಅವರನ್ನು ಕೊನೆಗಾರರು, ಅಂದರೆ ಅಡಿಕೆ ಮರ ಹತ್ತಿ ಕೊನೆ (ಗೊನೆ) ಕೊಯ್ಯುವವರು, ಎಂದೇ ಕರೆಯುತ್ತೇನೆ. ಅವರ ಕೆಲಸ ಗೊತ್ತಿಲ್ಲದಿದ್ದರೆ ಅವರ ಕಾಯಿಲೆಯೂ ಅರ್ಥವಾಗುವುದಿಲ್ಲ.

ಟೋಪಿರಮೇಟ್ ಎಂಬ ಫಿಟ್ಸ್ ಮಾತ್ರೆಯನ್ನು ಕುಡಿತದ ಚಿಕಿತ್ಸೆಗೆ ಬಳಸಿದ ಪ್ರಕರಣ ಇದು. ಮಾತ್ರೆ ಮೆದುಳಿನಲ್ಲಿ ಏನು ಮಾಡುತ್ತದೆ ಎನ್ನುವುದು ಪುಸ್ತಕದಲ್ಲಿ ಸಿಗುತ್ತದೆ. ಅದೇ ಮಾತ್ರೆ ಮಲೆನಾಡಿನ ಒಂದು ಮನೆಗೆ ಹೋದ ಮೇಲೆ ಏನಾಗುತ್ತದೆ ಎನ್ನುವುದನ್ನು ನಾನು ಈ ಮನೆಯಿಂದ ಕಲಿತೆ. ನಡುವೆ ನನ್ನದೇ ಒಂದು ತಪ್ಪಿನಿಂದ ಚಿಕಿತ್ಸೆ ಮುರಿದುಬಿತ್ತು. ಅದನ್ನೂ ಬರೆಯಬೇಕು ಅನ್ನಿಸಿತು.

ಮರದ ಮೇಲಿನ ಕೆಲಸ

ಕೊನೆಗಾರರಿಗೆ ಆಗ ನಲವತ್ತನಾಲ್ಕು ವರ್ಷ. ಹೆಂಡತಿ, ಇಬ್ಬರು ಮಕ್ಕಳು, ಅರ್ಧ ಎಕರೆ ಗದ್ದೆ. ಕಾಲಿಗೆ ತಳೆ ಹಾಕಿ ಅಡಿಕೆ ಮರ ಏರುವುದನ್ನು ಹದಿನೆಂಟನೇ ವಯಸ್ಸಿಗೇ ಕಲಿತವರು. ಒಳ್ಳೆಯ ಕೊನೆಗಾರ ಪ್ರತಿ ಮರಕ್ಕೂ ಇಳಿದು ಹತ್ತುವುದಿಲ್ಲ. ಪಕ್ಕದ ಮರವನ್ನು ಬಗ್ಗಿಸಿ ಹಿಡಿದು, ಮೇಲಿಂದ ಮೇಲೇ ದಾಟುತ್ತಾನೆ. ಇವರು ಆ ಕೆಲಸದಲ್ಲಿ ಹೆಸರು ಮಾಡಿದವರು. ಮಳೆಗಾಲದಲ್ಲಿ ಕೊಳೆರೋಗ ಬರದ ಹಾಗೆ ಮೈಲುತುತ್ತದ ಬೋರ್ಡೋ ಮದ್ದು ಹೊಡೆಯುವುದು, ದೀಪಾವಳಿಯ ಆಚೀಚೆ ಕೊಯ್ಲು, ನಡುವೆ ಸುಲಿಯುವುದು, ಬೇಯಿಸುವುದು. ವರ್ಷವೆಲ್ಲ ಅಡಿಕೆಯದೇ ಕೆಲಸ.

ಕುಡಿತ ಶುರುವಾಗಿದ್ದು ಮದ್ದು ಹೊಡೆಯುವ ದಿನಗಳಲ್ಲಿ. ಬೆಳಗಿಂದ ಜಡಿಮಳೆ, ಮೈಯೆಲ್ಲ ಮೈಲುತುತ್ತದ ನೀರು, ಸಂಜೆಗೆ ನಡುಕ. ಹಿರಿಯರು ಒಂದು 90 ಎಂಎಲ್ ಪ್ಯಾಕೆಟ್ ಕೈಗಿಟ್ಟರು. ಇಪ್ಪತ್ತು ವರ್ಷದಲ್ಲಿ ಅದು ದಿನಕ್ಕೆ ಎರಡು ಕ್ವಾರ್ಟರ್ ಆಗಿತ್ತು. ಕೂಲಿ ಸಿಕ್ಕ ದಿನ ಮೂರು. ಒಂದು ಕ್ವಾರ್ಟರ್ ಅಂದರೆ 180 ಎಂಎಲ್. ಶೇಕಡಾ 42.8ರ ವಿಸ್ಕಿಯಾದರೆ ಅದರಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ಅವರ ಮೆದುಳು ದಿನಾ ಸಂಜೆ ಇದರ ಎರಡರಷ್ಟನ್ನು ತಾಳಿಕೊಳ್ಳುವುದನ್ನು ಕಲಿತಿತ್ತು.

ಬಿಡಲು ಪ್ರಯತ್ನಿಸಿರಲಿಲ್ಲ ಎಂದಲ್ಲ. ಸಿಗಂದೂರಿಗೆ ಹೋಗಿ ದೇವಿಯ ಮುಂದೆ ಆಣೆ ಮಾಡಿದ್ದರು, ಐದು ತಿಂಗಳು ಉಳಿಯಿತು. ಮದ್ಯವರ್ಜನ ಶಿಬಿರಕ್ಕೆ ಹೋಗಿದ್ದರು, ಮೂರು ತಿಂಗಳು ಉಳಿಯಿತು. ಆಮೇಲೆ ಹೆಂಡತಿ ಯಾರದೋ ಮಾತು ಕೇಳಿ, ಕುಡಿತ ಬಿಡಿಸುವ ಮಾತ್ರೆ ತಂದು ಅವರಿಗೆ ಗೊತ್ತಾಗದ ಹಾಗೆ ಸಾರಿಗೆ ಹಾಕಿದರು. ಅದು ಡೈಸಲ್ಫಿರಾಮ್. ಈ ಮಾತ್ರೆಯ ಪ್ರಭಾವ ಇರುವಾಗ ಕುಡಿದರೆ ಆಲ್ಕೋಹಾಲ್ ಒಡೆದು ಬರುವ ಅಸಿಟಾಲ್ಡಿಹೈಡ್ ಮುಂದಕ್ಕೆ ಕರಗದೆ ದೇಹದಲ್ಲೇ ತುಂಬಿಕೊಳ್ಳುತ್ತದೆ. ಮುಖ ಕೆಂಪಾಗುತ್ತದೆ, ವಾಂತಿ ಆಗುತ್ತದೆ, ಎದೆ ಡವಗುಟ್ಟುತ್ತದೆ, ಬಿಪಿ ಬೀಳುತ್ತದೆ. ಗೊತ್ತಿದ್ದು ತೆಗೆದುಕೊಳ್ಳುವವರಿಗೆ ಇದು ಒಂದು ಕಾವಲು. ಗೊತ್ತಿಲ್ಲದವರಿಗೆ ಜೀವಕ್ಕೇ ಅಪಾಯ. ಕೊನೆಗಾರರು ಅವತ್ತು ರಾತ್ರಿ ಉಳಿದದ್ದೇ ಹೆಚ್ಚು. ಆಮೇಲೆ ಸುಮಾರು ದಿನ ಹೆಂಡತಿ ಬಡಿಸಿದ ಸಾರನ್ನು ಅವರು ಮುಟ್ಟಲಿಲ್ಲ. ಆ ಹೆಂಗಸನ್ನು ನಾನು ದೂರುವುದಿಲ್ಲ. ಬೇರೆ ದಾರಿ ಅವರಿಗೆ ಯಾರೂ ತೋರಿಸಿರಲಿಲ್ಲ. ಆದರೆ ಗಂಡ ಹೆಂಡತಿಯ ನಡುವೆ ಅಲ್ಲಿ ಬಿದ್ದ ಬಿರುಕು ಮುಂದೆ ನಮ್ಮ ಚಿಕಿತ್ಸೆಗೂ ಅಡ್ಡ ಬಂತು.

ಮೊದಲ ಫಿಟ್ಸ್, ಎರಡನೇ ಫಿಟ್ಸ್

ಒಂದು ಡಿಸೆಂಬರ್‌ನಲ್ಲಿ ಅವರು ಅಯ್ಯಪ್ಪನ ಮಾಲೆ ಹಾಕಿದರು. ಮಾಲೆ ಹಾಕಿದ ಮೇಲೆ ಕುಡಿಯುವ ಹಾಗಿಲ್ಲ. ಹಿಂದಿನ ರಾತ್ರಿಯವರೆಗೂ ಎರಡು ಕ್ವಾರ್ಟರ್, ಬೆಳಗಾದರೆ ಸೊನ್ನೆ. ಮಾರನೇ ದಿನ ಮಧ್ಯಾಹ್ನ ಅಂಗಳದಲ್ಲಿ ಅಡಿಕೆ ಸುಲಿಯುತ್ತಾ ಕೂತಿದ್ದವರು ಹಾಗೇ ಬಿದ್ದರು. ಕೈಕಾಲು ಸೆಟೆದು ಅದುರಿದವು, ಬಾಯಲ್ಲಿ ನೊರೆ ಬಂತು. ವ್ರತದಲ್ಲಿ ಏನೋ ಮೈಲಿಗೆ ಆಗಿದೆ, ಸ್ವಾಮಿ ಮುನಿದಿದ್ದಾನೆ ಎಂದು ಊರವರು ಮಾತಾಡಿದರು. ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ಮೂರ್ಛೆರೋಗ ಎಂದು ಫೆನಿಟಾಯಿನ್ ಬರೆದುಕೊಟ್ಟರು. ಕುಡಿತದ ಬಗ್ಗೆ ಅಲ್ಲಿ ಯಾರೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಮಾಲೆ ತೆಗೆದ ವಾರಕ್ಕೇ ಮತ್ತೆ ಕುಡಿತ ಶುರುವಾಯಿತು. ಮಾತ್ರೆಯೂ ಜೊತೆಗೆ ನಡೆಯಿತು.

ಎರಡನೇ ಸಲ ಜೂನ್ ತಿಂಗಳು. ಎರಡು ದಿನ ಬಿಡದೆ ಮಳೆ ಸುರಿಯಿತು. ಹಳ್ಳ ಏರಿ, ಆಚೆ ದಡದ ಅಂಗಡಿಗೆ ಹೋಗುವ ದಾರಿಯೇ ಮುಚ್ಚಿತು. ಮನೆಯಲ್ಲಿ ಒಂದು ಹನಿ ಇರಲಿಲ್ಲ. ಎರಡನೇ ದಿನ ಬೆಳಗಿನ ಜಾವ ಫಿಟ್ಸ್ ಬಂತು. ನೀರು ಇಳಿಯುವುದನ್ನು ಕಾದು, ಜೀಪಿನಲ್ಲಿ ಹಾಕಿಕೊಂಡು ನಮ್ಮಲ್ಲಿಗೆ ತಂದರು.

ಫೆನಿಟಾಯಿನ್ ತಪ್ಪದೆ ತೆಗೆದುಕೊಂಡಿದ್ದೇನೆ ಎಂದು ಅವರು ಹೇಳಿದರು. ನನಗೆ ದಾರಿ ತೋರಿಸಿದ್ದು ಅದೇ ಮಾತು. ಕುಡಿತ ಒಮ್ಮೆಗೇ ನಿಂತಾಗ ಬರುವ ಫಿಟ್ಸನ್ನು ಫೆನಿಟಾಯಿನ್ ತಡೆಯುವುದಿಲ್ಲ. ಆ ಫಿಟ್ಸ್ ಹೆಚ್ಚಾಗಿ ಕೊನೆಯ ಗುಟುಕಿನಿಂದ 6ರಿಂದ 48 ಗಂಟೆಯ ಒಳಗೆ ಬರುತ್ತದೆ. ಇವರಿಗೆ ಎರಡು ಸಲವೂ ಅದೇ ಅವಧಿಯಲ್ಲಿ ಬಂದಿತ್ತು. ಆದರೂ ಬೇರೆ ಕಾರಣ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ಮೆದುಳಿನ ಸ್ಕ್ಯಾನ್ ಮಾಡಿಸಿದೆವು, ಗಂಟಾಗಲಿ ಹಳೇ ಪೆಟ್ಟಾಗಲಿ ಇರಲಿಲ್ಲ. ಸಕ್ಕರೆ, ಸೋಡಿಯಂ ಸರಿ ಇದ್ದವು. ಜ್ವರ ಇರಲಿಲ್ಲ. ನಮ್ಮ ಕಡೆ ಕಾಡಂಚಿನವರಿಗೆ ಜ್ವರದ ಜೊತೆ ಫಿಟ್ಸ್ ಬಂದರೆ ಮಂಗನ ಕಾಯಿಲೆಯನ್ನೂ ನೆನೆಯಬೇಕಾಗುತ್ತದೆ. ಲಿವರ್ ಮಾತ್ರ ಸೋತಿತ್ತು. ಅದರ ಎನ್‌ಜೈಮ್‌ಗಳು ನಾಲ್ಕೈದು ಪಟ್ಟು ಏರಿದ್ದವು, ಹೊಟ್ಟೆಯ ಸ್ಕ್ಯಾನಿನಲ್ಲಿ ಕೊಬ್ಬು ಕಾಣುತ್ತಿತ್ತು.

ಮೊದಲ ವಾರದ ಚಿಕಿತ್ಸೆಯಲ್ಲಿ ಹೊಸದೇನಿಲ್ಲ. ಗ್ಲೂಕೋಸ್ ಏರಿಸುವ ಮೊದಲು ಥಯಾಮಿನ್ ಎಂಬ ಬಿ1 ವಿಟಮಿನ್ ಇಂಜೆಕ್ಷನ್. ಲಿವರ್ ನೋಡಿಕೊಂಡು ಮೆದುಳನ್ನು ಶಾಂತ ಮಾಡುವ ಲೋರಾಜೆಪಾಮ್, ದಿನದಿಂದ ದಿನಕ್ಕೆ ಇಳಿಸುತ್ತಾ ಆರು ದಿನ. ಫೆನಿಟಾಯಿನ್ ನಿಲ್ಲಿಸಿದೆವು. ನಾಲ್ಕನೇ ದಿನ ಕೈ ನಡುಗದೆ ಲೋಟ ಎತ್ತಿ ಕಾಫಿ ಕುಡಿದರು.

ಬಗ್ಗಿಸಿದ ಮರ

ಐದನೇ ದಿನ ಅವರ ಪಕ್ಕ ಕೂತು ಮೆದುಳಿನ ವಿಷಯ ಹೇಳಿದೆ. ನಮ್ಮ ಮೆದುಳಿನ ಜೀವಕೋಶಗಳು ಒಂದಕ್ಕೊಂದು ಸುದ್ದಿ ಕಳಿಸುತ್ತಲೇ ಇರುತ್ತವೆ. ಗ್ಲುಟಮೇಟ್ ಎಂಬ ರಾಸಾಯನಿಕ "ಏಳು, ಓಡು" ಎನ್ನುತ್ತದೆ. ಗಾಬಾ ಎಂಬುದು "ಸುಮ್ಮನಿರು" ಎನ್ನುತ್ತದೆ. ಎರಡೂ ಹದವಾಗಿದ್ದರೆ ಮನುಷ್ಯ ಹದವಾಗಿರುತ್ತಾನೆ. ಆಲ್ಕೋಹಾಲ್ ಗಾಬಾದ ಮಾತಿಗೆ ಬಲ ಕೊಡುತ್ತದೆ, ಗ್ಲುಟಮೇಟಿನ ಎನ್‌ಎಂಡಿಎ ಎಂಬ ಬಾಗಿಲನ್ನು ಅದುಮಿ ಹಿಡಿಯುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಮೆದುಳು ಎದುರೊತ್ತು ಕೊಡಲು ಕಲಿಯುತ್ತದೆ. ಗಾಬಾದ ಮಾತಿಗೆ ಕಿವಿ ಮಂದ ಮಾಡಿಕೊಳ್ಳುತ್ತದೆ, ಗ್ಲುಟಮೇಟಿಗೆ ಹೆಚ್ಚು ಬಾಗಿಲು ತೆರೆದುಕೊಳ್ಳುತ್ತದೆ. ಹೀಗಿರುವಾಗ ಆಲ್ಕೋಹಾಲ್ ಒಂದೇ ದಿನ ಇಲ್ಲವಾದರೆ?

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು. "ಅಂದ್ರೆ ಬಗ್ಗಿಸಿದ ಮರ ಒಮ್ಮೆಗೇ ಕೈಬಿಟ್ಟ ಹಾಗೆ ಅಲ್ವಾ ಮೇಡಂ?"

ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಒಂದು ಮರದಿಂದ ಇನ್ನೊಂದಕ್ಕೆ ದಾಟುವಾಗ ಎರಡೂ ಮರ ಬಾಗಿರುತ್ತವೆ. ಹೊಸ ಮರದಲ್ಲಿ ಕಾಲು ಕಚ್ಚಿಕೊಳ್ಳುವ ಮೊದಲೇ ಹಳೇ ಮರದ ಹಿಡಿತ ತಪ್ಪಿದರೆ ಅದು ಚಿಮ್ಮುತ್ತದೆ. ಆ ಹೊಡೆತಕ್ಕೆ ಬಿದ್ದವರನ್ನು ಅವರು ಕಣ್ಣಾರೆ ಕಂಡಿದ್ದರು. "ನಿಧಾನ ಬಿಡ್ಬೇಕು. ಕಾಲು ನಿಂತ ಮೇಲೆ ಬಿಡ್ಬೇಕು."

ಹತ್ತು ವರ್ಷದಿಂದ ಈ ವಿಷಯವನ್ನು ರೋಗಿಗಳಿಗೆ ಹೇಳುತ್ತಾ ಬಂದಿದ್ದೇನೆ. ಇಷ್ಟು ಸರಿಯಾಗಿ ನಾನು ಯಾವತ್ತೂ ಹೇಳಿರಲಿಲ್ಲ. ಮುಂದೆ ನಮ್ಮಿಬ್ಬರ ಮಾತೆಲ್ಲ ಇದೇ ಮರದ ಮೇಲೆ ನಡೆಯಿತು.

ಯಾಕೆ ಈ ಮಾತ್ರೆ

ಮನೆಗೆ ಹೋದ ಹನ್ನೆರಡನೇ ದಿನ ಮತ್ತೆ ಕುಡಿದರು. ಈ ಸಲ ತಾವಾಗಿಯೇ ಬಂದು ಹೇಳಿದರು. "ಪೂರ್ತಿ ಬಿಡ್ತೀನಿ ಅಂತ ಮಾತು ಕೊಡಲ್ಲ ಮೇಡಂ. ಮೂರು ಸಲ ಕೊಟ್ಟು ತಪ್ಪಿದೀನಿ. ಸಂಜೆ ಆದ್ರೆ ಒಳಗಿಂದ ಯಾರೋ ಎಳೀತಾರೆ. ಅದು ಕಮ್ಮಿ ಆಗೋ ಹಾಗೆ ಏನಾದ್ರೂ ಇದ್ರೆ ಕೊಡಿ."

ಪ್ರಾಮಾಣಿಕವಾದ ಮಾತು. ಮದ್ದನ್ನು ಆ ಮಾತಿಗೆ ಹೊಂದಿಸಬೇಕಿತ್ತು. ಡೈಸಲ್ಫಿರಾಮ್ ಹೆಸರೆತ್ತುವ ಹಾಗೇ ಇರಲಿಲ್ಲ. ನಾಲ್‌ಟ್ರೆಕ್ಸೋನ್ ಸಾಮಾನ್ಯವಾಗಿ ಮೊದಲು ನೆನಪಾಗುವ ಮದ್ದು, ಆದರೆ ಆ ಲಿವರ್ ರಿಪೋರ್ಟ್ ನೋಡಿ ಹಿಂಜರಿದೆ. ಅಕಾಂಪ್ರೊಸೇಟ್ ಲಿವರಿಗೆ ತೊಂದರೆ ಕೊಡುವುದಿಲ್ಲ, ಆದರೆ ದಿನಕ್ಕೆ ಮೂರು ಹೊತ್ತು, ಆರು ಮಾತ್ರೆ. ತೋಟದಲ್ಲಿ ಕೆಲಸ ಮಾಡುವವರಿಗೆ ಮಧ್ಯಾಹ್ನದ ಮಾತ್ರೆ ನೆನಪಿರುವುದು ಕಷ್ಟ. ಬ್ಯಾಕ್ಲೊಫೆನ್ ಮಂಪರು ತರಿಸುತ್ತದೆ.

ಉಳಿದದ್ದು ಟೋಪಿರಮೇಟ್. ಈ ಮದ್ದು ಹುಟ್ಟಿದ್ದು ಕುಡಿತಕ್ಕಾಗಿ ಅಲ್ಲ. 1979ರಲ್ಲಿ ಅಮೆರಿಕದಲ್ಲಿ ಸಕ್ಕರೆ ಕಾಯಿಲೆಗೆ ಮದ್ದು ಹುಡುಕುತ್ತಿದ್ದ ರಸಾಯನ ವಿಜ್ಞಾನಿಗಳು, ಹಣ್ಣಿನ ಸಕ್ಕರೆಯಾದ ಫ್ರಕ್ಟೋಸ್‌ನಿಂದ ಇದನ್ನು ಮಾಡಿದರು. ಅದು ಫಿಟ್ಸ್ ತಡೆಯುತ್ತದೆ ಎಂದು ಆಮೇಲೆ ಗೊತ್ತಾಯಿತು. ಅಲ್ಲಿ 1996ರಲ್ಲಿ ಫಿಟ್ಸ್‌ಗೆ, 2004ರಲ್ಲಿ ಮೈಗ್ರೇನ್ ತಡೆಗೆ ಅನುಮತಿ ಸಿಕ್ಕಿತು. ಕುಡಿತಕ್ಕೆ ಅದನ್ನು ಬಳಸುವುದು ವೈದ್ಯರ ವಿವೇಚನೆಗೆ ಬಿಟ್ಟದ್ದು. ಆದರೆ ಅದಕ್ಕೂ ಆಧಾರ ಇದೆ. 2003ರಲ್ಲಿ ಬ್ಯಾಂಕೋಲೆ ಜಾನ್ಸನ್ ಮತ್ತು ಜೊತೆಯವರು 150 ಜನರ ಮೇಲೆ 12 ವಾರ ನಡೆಸಿದ ಪ್ರಯೋಗ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಟೋಪಿರಮೇಟ್ ತೆಗೆದುಕೊಂಡವರ ಕುಡಿತ ಮದ್ದಿಲ್ಲದ ಸಪ್ಪೆ ಮಾತ್ರೆ ತೆಗೆದುಕೊಂಡವರಿಗಿಂತ ಚೆನ್ನಾಗಿ ಇಳಿದಿತ್ತು. 2007ರಲ್ಲಿ 371 ಜನರ ಇನ್ನೊಂದು ಪ್ರಯೋಗವೂ ಅದನ್ನೇ ತೋರಿಸಿತು. ಅಮೆರಿಕದ ಮನೋವೈದ್ಯರ ಸಂಘದ 2018ರ ಮಾರ್ಗಸೂಚಿಯಲ್ಲೂ ಇದು ಎರಡನೇ ಸಾಲಿನ ಮದ್ದುಗಳಲ್ಲಿ ಇದೆ. ನನಗೆ ಮುಖ್ಯ ಅನ್ನಿಸಿದ್ದು 2003ರ ಪ್ರಯೋಗದ ಒಂದು ಅಂಶ. ಅಲ್ಲಿ ಮಾತ್ರೆ ಶುರು ಮಾಡುವಾಗ ಜನ ಇನ್ನೂ ಕುಡಿಯುತ್ತಲೇ ಇದ್ದರು. ಮೊದಲು ಬಿಟ್ಟು ಬಾ, ಆಮೇಲೆ ಮದ್ದು ಕೊಡುತ್ತೇನೆ ಎನ್ನುವ ಷರತ್ತು ಇರಲಿಲ್ಲ. ಮಾತು ಕೊಡಲಾಗದ ನಮ್ಮ ಕೊನೆಗಾರರಿಗೆ ಇದೇ ಬೇಕಿತ್ತು.

ಮಾತ್ರೆ ಮೆದುಳಿನಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಕೆಲಸ ಮಾಡುತ್ತದೆ. ಜೀವಕೋಶ ಕಿಡಿ ಹಾರಿಸಲು ಸೋಡಿಯಂ ಒಳನುಗ್ಗಬೇಕು. ಆ ಬಾಗಿಲನ್ನು ಮಾತ್ರೆ ಅರೆ ಮುಚ್ಚುತ್ತದೆ, ಹಾಗಾಗಿ ಜೀವಕೋಶ ಎಡೆಬಿಡದೆ ಕಿಡಿ ಹಾರಿಸಲು ಆಗುವುದಿಲ್ಲ. ಗಾಬಾದ ಮಾತಿಗೆ ಬಲ ಕೊಡುತ್ತದೆ, ಆದರೆ ನಿದ್ದೆ ಮಾತ್ರೆಗಳು ಕೂರುವ ಜಾಗದಲ್ಲಿ ಅಲ್ಲ, ಬೇರೆ ಕಡೆ. ಗ್ಲುಟಮೇಟಿನ ಆಂಪಾ, ಕೈನೇಟ್ ಎಂಬ ಬಾಗಿಲುಗಳನ್ನು ತಡೆಯುತ್ತದೆ. ಕುಡಿದಾಗ ಸಿಗುವ ಹಿತಕ್ಕೆ ಮೆದುಳಿನ ಆಳದಲ್ಲಿ ಸುರಿಯುವ ಡೋಪಮಿನ್ ಕಾರಣ. ಆ ದಾರಿಯನ್ನು ಎಬ್ಬಿಸುವುದು ಗ್ಲುಟಮೇಟ್, ತಣಿಸುವುದು ಗಾಬಾ. ಎರಡೂ ಕಡೆಯಿಂದ ಹಿಡಿದರೆ ಸುರಿಯುವ ಡೋಪಮಿನ್ ತಗ್ಗುತ್ತದೆ, ಕುಡಿತ ಕೊಡುವ ಹಿತವೂ ತಗ್ಗುತ್ತದೆ ಎನ್ನುವುದು ಈ ಚಿಕಿತ್ಸೆಯ ಹಿಂದಿರುವ ವಿಚಾರ. ಇನ್ನೊಂದು ಅನುಕೂಲ, ಮಾತ್ರೆಯ ಬಹುಪಾಲು ಹಾಗೇ ಮೂತ್ರದಲ್ಲಿ ಹೊರಹೋಗುತ್ತದೆ. ಸೋತ ಲಿವರಿಗೆ ಹೊರೆ ಬೀಳುವುದಿಲ್ಲ.

ಕೊನೆಗಾರರಿಗೆ ಇಷ್ಟೆಲ್ಲ ಹೇಳಲಿಲ್ಲ. "ಮರ ಚಿಮ್ಮದ ಹಾಗೆ ಹಿಡಿದುಕೊಳ್ಳೋ ಹಗ್ಗ ಇದು" ಎಂದೆ. ಮೂರು ಷರತ್ತು ಹಾಕಿದೆ. ಮಾತ್ರೆಯ ಪಟ್ಟಿ ಅವರ ಹತ್ತಿರವೇ ಇರಬೇಕು, ಹೆಂಡತಿಯ ಎದುರಿಗೆ ಅವರೇ ಬಿಡಿಸಿ ನುಂಗಬೇಕು. ಕ್ಯಾಲೆಂಡರಿನಲ್ಲಿ ಕುಡಿದ ದಿನ ಎಷ್ಟು ಎಂದು ಬರೆಯಬೇಕು. ಮೂರನೆಯದು, ಮರ ಹತ್ತುವ ಹಾಗಿಲ್ಲ.

ಮೂರನೆಯದನ್ನು ಕೇಳಿ ಅವರ ಮುಖ ಇಳಿಯಿತು. ಜುಲೈ ತಿಂಗಳು. ಬೋರ್ಡೋ ಹೊಡೆಯುವ ಕಾಲ. ವರ್ಷದಲ್ಲಿ ಒಳ್ಳೆಯ ಕೂಲಿ ಸಿಗುವ ದಿನಗಳು. ಆದರೆ ಫಿಟ್ಸ್ ಬಂದು ತಿಂಗಳು ಕಳೆದಿರಲಿಲ್ಲ. ಆಲ್ಕೋಹಾಲ್ ಮತ್ತು ಟೋಪಿರಮೇಟ್ ಎರಡೂ ಮೆದುಳನ್ನು ಮಂದ ಮಾಡುವಂಥವು, ಸೇರಿದರೆ ತಲೆ ತಿರುಗಬಹುದು. ನಲವತ್ತು ಅಡಿ ಎತ್ತರದಲ್ಲಿ ಅದು ಆಗಬಾರದು.

ಏರಿದ ಡೋಸ್

ರಾತ್ರಿ 25 ಮಿಲಿಗ್ರಾಂನಿಂದ ಶುರು. ವಾರಕ್ಕೆ 25 ಏರಿಸುವುದು, ತಾಳಿದರೆ 200ರವರೆಗೆ ಹೋಗುವುದು ಎಂದು ಲೆಕ್ಕ. ನೀರು ಜಾಸ್ತಿ ಕುಡಿಯಬೇಕು, ಯಾಕೆಂದರೆ ಕಿಡ್ನಿಯಲ್ಲಿ ಕಲ್ಲಾಗುವ ಸಂಭವ ಇದೆ. ಕಣ್ಣು ಕೆಂಪಾಗಿ ನೋವು ಬಂದರೆ, ನೋಟ ಮಂಜಾದರೆ ಅವತ್ತೇ ಬರಬೇಕು. ಇದನ್ನು ಎರಡೆರಡು ಸಲ ಹೇಳಿದೆ.

ಮೂರನೇ ವಾರ ಬಂದಾಗ ಅವರಲ್ಲಿ ಒಂದು ದೂರಿತ್ತು. ಅಂಗಡಿಯವನು ಸೋಡಾದಲ್ಲಿ ಮೋಸ ಮಾಡುತ್ತಿದ್ದಾನೆ, ಗ್ಯಾಸೇ ಇರುವುದಿಲ್ಲ, ಸಪ್ಪೆ ನೀರು ಎಂದು. ಮೋಸ ಅಂಗಡಿಯದಲ್ಲ, ಮಾತ್ರೆಯದು. ಟೋಪಿರಮೇಟ್ ಕಾರ್ಬಾನಿಕ್ ಅನ್‌ಹೈಡ್ರೇಸ್ ಎಂಬ ಎನ್‌ಜೈಮನ್ನು ತಡೆಯುತ್ತದೆ. ನಾಲಿಗೆಗೆ ಸೋಡಾದ ಚುರುಕು ಗೊತ್ತಾಗಲು ಅದೇ ಎನ್‌ಜೈಮ್ ಬೇಕು. ಬೆರಳ ತುದಿ ಜುಮು ಜುಮು ಅನ್ನುವುದೂ ಇದರಿಂದಲೇ ಎಂದು ಹೇಳುತ್ತಾರೆ. ರಕ್ತದ ಹುಳಿಯನ್ನು ಹದದಲ್ಲಿಡುವ ಬೈಕಾರ್ಬನೇಟ್ ಇಳಿಯುವುದೂ ಇದರಿಂದ. ಅವರ ರಕ್ತ ಪರೀಕ್ಷೆ ಮಾಡಿಸಿದೆವು, ಸ್ವಲ್ಪ ಇಳಿದಿತ್ತು, ಅಪಾಯದ ಮಟ್ಟ ಅಲ್ಲ.

ನಾಲ್ಕನೇ ವಾರ, 100 ಮಿಲಿಗ್ರಾಂ ಇದ್ದಾಗ, ನಾನು ಕಾಯುತ್ತಿದ್ದ ಮಾತು ಬಂತು. "ಕುಡಿದ್ರೂ ಮೊದಲಿನ ಹಾಗೆ ಏರಲ್ಲ ಮೇಡಂ. ಒಂದು ಕ್ವಾರ್ಟರ್ ಮುಗಿದ ಮೇಲೆ ಇನ್ನೊಂದು ತರೋಣ ಅಂತ ಕಾಲು ಎಳೆಯಲ್ಲ. ಎದ್ದು ಮನೆಗೆ ಬಂದ್ಬಿಡ್ತೀನಿ." ಮೊದಲ ಗುಟುಕನ್ನು ಮಾತ್ರೆ ತಡೆಯಲಿಲ್ಲ. ಎರಡನೇ ಕ್ವಾರ್ಟರನ್ನು ತಡೆಯಿತು. ಕ್ಯಾಲೆಂಡರಿನಲ್ಲೂ ಅದು ಕಾಣುತ್ತಿತ್ತು. ಎರಡು ಕ್ವಾರ್ಟರ್ ಕುಡಿದ ದಿನ ಮೊದಲ ಎರಡು ವಾರದಲ್ಲಿ ಹನ್ನೊಂದು ಇದ್ದದ್ದು, ಮುಂದಿನ ಎರಡು ವಾರದಲ್ಲಿ ಐದಕ್ಕೆ ಇಳಿದಿತ್ತು.

ಈ ನಡುವೆ ಒಂದು ದಿನ ಅವರು ಮರ ಹತ್ತಿದ್ದರು. ಯಾರೂ ನನಗೆ ಚಾಡಿ ಹೇಳಲಿಲ್ಲ, ಅವರೇ ಹೇಳಿದರು. ಮುಂಗಡ ಇಸಕೊಂಡಿದ್ದ ತೋಟ, ಮಾಲೀಕರು ಎರಡು ಸಲ ಹೇಳಿಕಳಿಸಿದ್ದರು. ಅರ್ಧ ತೋಟ ಮುಗಿಸಿದಾಗ ಬೆರಳು ಜುಮ್ಮೆಂದು ಹಗ್ಗದ ಹಿಡಿತವೇ ಗೊತ್ತಾಗಲಿಲ್ಲವಂತೆ. ಹೆದರಿ ಇಳಿದಿದ್ದರು. ನನಗೂ ಎದೆ ಧಸಕ್ಕೆಂದಿತು. ಬೈಯಬೇಕು ಅನ್ನಿಸಿತು, ಬೈಯಲಿಲ್ಲ. ಬೈದರೆ ಮುಂದಿನ ಸಲ ಹೇಳುವುದಿಲ್ಲ. ತಪ್ಪು ನನ್ನದೂ ಇತ್ತು. ಹತ್ತಬೇಡಿ ಎಂದವಳು, ಹಾಗಾದರೆ ಹೊಟ್ಟೆಗೇನು ಎಂದು ಯೋಚಿಸಿರಲಿಲ್ಲ.

ದಾರಿ ಸಿಕ್ಕಿದ್ದು ನಮ್ಮ ನರ್ಸ್ ಒಬ್ಬರಿಂದ. ಅವರ ಮನೆಯ ತೋಟದಲ್ಲಿ ಫೈಬರ್ ದೋಟಿ, ಅಂದರೆ ಉದ್ದನೆಯ ಕೋಲು, ಬಂದಿತ್ತು. ನೆಲದ ಮೇಲೆ ನಿಂತೇ ಕೊನೆ ಕೊಯ್ಯಬಹುದು, ಮದ್ದೂ ಹೊಡೆಯಬಹುದು. ಮರ ಹತ್ತುವ ಕೊನೆಗಾರರಿಗೆ ದೋಟಿ ಅಂದರೆ ಸ್ವಲ್ಪ ಅಸಡ್ಡೆ. ಇವರೂ ಮೊದಲು ಮೂಗು ಮುರಿದರು. ಆದರೆ ಕೊನೆ ಬಲಿತಿದೆಯೋ ಇಲ್ಲವೋ ಎಂದು ಕೆಳಗಿನಿಂದಲೇ ಹೇಳುವ ಕಣ್ಣು ಅವರದು. ಎರಡು ವಾರದಲ್ಲಿ ಕೈ ಕೂಡಿತು. ಕತ್ತು ನೋಯುತ್ತದೆ ಎನ್ನುವುದೊಂದೇ ತಕರಾರು.

ಮುರಿದು ಬಿದ್ದದ್ದು

ಆಷಾಢ ಮುಗಿದು ಶ್ರಾವಣ ಬಂದಿತ್ತು. ಮಗಳಿಗೆ ಗಂಡು ನೋಡುತ್ತಿದ್ದರು. ಮನೆಗೆ ಬಂದ ನೆಂಟರೊಬ್ಬರು ಗೋಡೆ ಗೂಡಿನಲ್ಲಿದ್ದ ಮಾತ್ರೆ ಪಟ್ಟಿ ನೋಡಿದರು. ಮೊಬೈಲಿನಲ್ಲಿ ಹೆಸರು ಹುಡುಕಿ, "ಇದು ಫಿಟ್ಸ್ ಕಾಯಿಲೆ ಮಾತ್ರೆ ಅಲ್ವಾ? ಗಂಡಿನ ಕಡೆಯವರಿಗೆ ಗೊತ್ತಾದ್ರೆ ಏನು ಗತಿ?" ಎಂದರು.

ಆ ಒಂದು ಮಾತು ಸಾಕಾಯಿತು. ಮನೆಯವರಿಗೆ ಡಿಸೆಂಬರಿನ ಚೀಟಿ ನೆನಪಾಯಿತು. ಅದರಲ್ಲಿ ಮೂರ್ಛೆರೋಗ ಎಂದು ಇತ್ತು. ಆಗ ಕೊಟ್ಟ ಫಿಟ್ಸ್ ಮಾತ್ರೆಯಿಂದ ಫಿಟ್ಸೂ ನಿಲ್ಲಲಿಲ್ಲ. ಈಗ ಇನ್ನೊಂದು ಫಿಟ್ಸ್ ಮಾತ್ರೆ. ಅಂದರೆ ಡಾಕ್ಟರು ಕುಡಿತದ ನೆಪ ಹೇಳಿ ಅದೇ ಕಾಯಿಲೆಗೆ ಮದ್ದು ಕೊಡುತ್ತಿದ್ದಾರೆ. ಹೆಂಡತಿ ಅವತ್ತೇ ಪಟ್ಟಿಯನ್ನು ಒಲೆಗೆ ಹಾಕಿದರು. ಡೋಸ್ ಆಗ 150 ಮಿಲಿಗ್ರಾಂ ಇತ್ತು.

ಫಿಟ್ಸ್ ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಿದರೆ ಅದರಿಂದಲೇ ಫಿಟ್ಸ್ ಬರಬಹುದು. ಮತ್ತೆ ಅದೇ ಬಗ್ಗಿಸಿದ ಮರ. ನಾಲ್ಕನೇ ದಿನಕ್ಕೆ ಮೂರು ಕ್ವಾರ್ಟರ್ ಆಗಿತ್ತು. ಒಂಬತ್ತನೇ ದಿನ ಹೆಂಡತಿಯೇ ಕರೆದುಕೊಂಡು ಬಂದರು. ಪುಣ್ಯಕ್ಕೆ ಫಿಟ್ಸ್ ಬಂದಿರಲಿಲ್ಲ. ಕೂತವರೇ ಅತ್ತರು. "ನಮ್ಮನೆಯವ್ರಿಗೆ ಆ ಕಾಯಿಲೆ ಇದ್ಯಾ ಇಲ್ವಾ? ಒಂದು ಸಲ ನಿಜ ಹೇಳಿಬಿಡಿ."

ಎರಡು ತಿಂಗಳ ನನ್ನ ಟಿಪ್ಪಣಿ ತೆಗೆದು ನೋಡಿದೆ. ಮರದ ಮಾತು, ಹಗ್ಗದ ಮಾತು ಎಲ್ಲ ಆಡಿದ್ದು ಗಂಡನ ಜೊತೆ. ಹೆಂಡತಿಗೆ ಹೇಳಿದ್ದು ಮಾತ್ರೆಯ ಹೊತ್ತು, ನೀರು, ಕಣ್ಣು, ಇಷ್ಟೇ. ಈ ಮಾತ್ರೆ ಫಿಟ್ಸ್‌ಗೂ ಬಳಸುವಂಥದ್ದು, ಇವರಿಗೆ ಕೊಡುತ್ತಿರುವುದು ಬೇರೆ ಕಾರಣಕ್ಕೆ ಎಂದು ಹೇಳಿರಲೇ ಇಲ್ಲ. ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಮಾತ್ರೆ ಹೆಸರು, ಡೋಸ್ ಬಿಟ್ಟರೆ ಬೇರೇನೂ ಇಲ್ಲ. ಒಮ್ಮೆ ಕದ್ದುಮುಚ್ಚಿ ಮಾತ್ರೆ ಹಾಕಿ ಪಾಠ ಕಲಿತಿದ್ದ ಮನೆ ಅದು. ಆ ಮನೆಗೆ ಎಲ್ಲವನ್ನೂ ಬಿಚ್ಚಿ ಹೇಳುವುದು ನನ್ನ ಮೊದಲ ಕೆಲಸವಾಗಬೇಕಿತ್ತು. ಹಾಗೆಂದು ಅವರಿಗೂ ಹೇಳಿದೆ.

ಆ ದಿನ ಒಪಿಡಿ ಮುಗಿದ ಮೇಲೆ ಇಬ್ಬರನ್ನೂ ಕೂರಿಸಿಕೊಂಡು ಒಂದು ಗಂಟೆ ಮಾತಾಡಿದೆ. ಮರದ ವಿಷಯವನ್ನು ಹೆಂಡತಿಗೆ ಕೊನೆಗಾರರೇ ಹೇಳಿದರು. ನಾನು ನಡುವೆ ಬಾಯಿ ಹಾಕಲಿಲ್ಲ. ಕುಡಿತ ನಿಂತಾಗ ಬಂದ ಫಿಟ್ಸ್ ಮೂರ್ಛೆರೋಗ ಅಲ್ಲ, ಮಗಳಿಗೆ ಅದು ಬಳುವಳಿಯಾಗಿ ಹೋಗುವುದೂ ಇಲ್ಲ ಎಂದು ವಿವರಿಸಿದೆ. ಚೀಟಿಯ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆದೆ: "ಕುಡಿತದ ಸೆಳೆತ ತಗ್ಗಿಸಲು. ಒಮ್ಮೆಗೇ ನಿಲ್ಲಿಸಬಾರದು." ಅಂದಿನಿಂದ ಎಲ್ಲ ರೋಗಿಗಳ ಚೀಟಿಯಲ್ಲೂ ಮಾತ್ರೆ ಯಾತಕ್ಕೆ ಎಂದು ಕನ್ನಡದಲ್ಲಿ ಒಂದು ಸಾಲು ಬರೆಯುತ್ತೇನೆ. ಅರ್ಧ ನಿಮಿಷದ ಕೆಲಸ.

ಇನ್ನೊಂದು ಮಾತು ಆ ದಿನದಿಂದ ನನ್ನನ್ನು ಬಿಟ್ಟಿಲ್ಲ. "ಆ ಕಾಯಿಲೆ ಅಲ್ಲ" ಎಂದು ನಾನು ಹೇಳಿದಾಗ ಅವರ ಮುಖದಲ್ಲಿ ಬಂದ ನೆಮ್ಮದಿ ನೋಡಿ ನನಗೆ ಸಂಕಟವೂ ಆಯಿತು. ನಿಜವಾಗಿ ಮೂರ್ಛೆರೋಗ ಇರುವ ಎಷ್ಟೋ ಹೆಣ್ಣುಮಕ್ಕಳನ್ನು ನಾನು ನೋಡುತ್ತೇನೆ. ಅದು ಮೆದುಳಿನ ಒಂದು ಕಾಯಿಲೆ, ಹೆಚ್ಚಿನವರಿಗೆ ಮಾತ್ರೆಯಿಂದ ಹತೋಟಿಗೆ ಬರುತ್ತದೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆ ರದ್ದು ಮಾಡಲು ಇದ್ದ ಕಾರಣಗಳಿಂದ ಮೂರ್ಛೆರೋಗವನ್ನು 1999ರಲ್ಲೇ ತೆಗೆದುಹಾಕಿದ್ದಾರೆ. ಆದರೆ ನಮ್ಮ ಜಗಲಿಯ ಮಾತಿನಿಂದ ಅದು ಇನ್ನೂ ಹೋಗಿಲ್ಲ. ಹೆಂಡತಿಗೆ ಇದನ್ನೂ ಹೇಳಿದೆ. ಅವರು ತಲೆಯಾಡಿಸಿದರು, ಎಷ್ಟು ಒಪ್ಪಿದರೋ ಗೊತ್ತಿಲ್ಲ.

ಮರೆತ ಮಾತು

ಮತ್ತೆ 25ರಿಂದ ಶುರು ಮಾಡಿದೆವು. ಈ ಸಲ ಒಂದು ವಿಷಯ ಮೊದಲೇ ಕೇಳಿದೆ. 150 ಇದ್ದಾಗ ಹೇಗಿತ್ತು?

ಅವರು ತಡೆದು ತಡೆದು ಹೇಳಿದರು. ಮಾತು ಬಾಯಿಗೆ ಬರುತ್ತಿರಲಿಲ್ಲವಂತೆ. ಕತ್ತಿ ಕೊಡು ಎನ್ನಬೇಕು, ಕತ್ತಿ ಎನ್ನುವ ಶಬ್ದವೇ ಸಿಗುವುದಿಲ್ಲ. ಇಪ್ಪತ್ತು ವರ್ಷ ಜೊತೆಗೆ ಕೆಲಸ ಮಾಡಿದವನ ಹೆಸರು ನಾಲಿಗೆ ತುದಿಯಲ್ಲೇ ನಿಲ್ಲುತ್ತದೆ. ಕೊಯ್ದ ಕೊನೆಗಳ ಲೆಕ್ಕ ನಡುವೆ ತಪ್ಪುತ್ತದೆ. ಕೂಲಿ ಕೊಡುವುದು ಕೊನೆಯ ಲೆಕ್ಕದ ಮೇಲೆ, ಲೆಕ್ಕ ತಪ್ಪಿದರೆ ದುಡ್ಡೂ ತಪ್ಪುತ್ತದೆ, ಮರ್ಯಾದೆಯೂ ಹೋಗುತ್ತದೆ. ಮೆದುಳು ಕೆಟ್ಟುಹೋಯಿತು ಎಂದು ಹೆದರಿ ಯಾರಿಗೂ ಹೇಳಿರಲಿಲ್ಲ. ಒಲೆಗೆ ಹಾಕುವಾಗ ಹೆಂಡತಿಯನ್ನು ತಡೆಯದೇ ಇದ್ದದ್ದು ಇದಕ್ಕೇ.

ಇದು ಟೋಪಿರಮೇಟಿನ ಗೊತ್ತಿರುವ ತೊಂದರೆ. ಡೋಸ್ ಏರಿದ ಹಾಗೆ ಹೆಚ್ಚುತ್ತದೆ, ಬೇಗ ಏರಿಸಿದರೆ ಇನ್ನೂ ಹೆಚ್ಚು, ಇಳಿಸಿದರೆ ಹೋಗುತ್ತದೆ. ಜೀವಕೋಶಗಳ ಗದ್ದಲ ತಗ್ಗಿಸುವ ಮದ್ದು ಕೆಲವೊಮ್ಮೆ ಬೇಕಾದ ಮಾತನ್ನೂ ತಗ್ಗಿಸಿಬಿಡುತ್ತದೆ. ನಾನು ಪ್ರತಿ ವಾರ ಜುಮು ಜುಮು ಇದೆಯಾ ಎಂದು ಕೇಳಿದ್ದೆ. ಮಾತು ಮರೆಯುತ್ತಾ, ಲೆಕ್ಕ ತಪ್ಪುತ್ತಾ ಎಂದು ಕೇಳಿರಲಿಲ್ಲ.

ಬೆಳಿಗ್ಗೆ 50, ರಾತ್ರಿ 50, ಅಲ್ಲಿಗೆ ನಿಲ್ಲಿಸೋಣ ಎಂದು ಇಬ್ಬರೂ ಸೇರಿ ತೀರ್ಮಾನಿಸಿದೆವು. ಪ್ರಯೋಗಗಳಲ್ಲಿ ಕೊಟ್ಟದ್ದು 200, 300 ಮಿಲಿಗ್ರಾಂ. ಆದರೆ ಇವರಿಗೆ 100ರಲ್ಲೇ ಎರಡನೇ ಕ್ವಾರ್ಟರ್ ಬೇಡ ಅನ್ನಿಸಿತ್ತು. ಕ್ಯಾಲೆಂಡರ್ ಅದನ್ನು ತೋರಿಸಿತ್ತು. ಏರಿಸುವಾಗ 25 ಏರಿಸಿದರೆ ಎರಡು ವಾರ ಕಾಯುವುದು ಎಂದೂ ಮಾಡಿಕೊಂಡೆವು. ವಾರಕ್ಕೊಮ್ಮೆ ಕೊನೆಯ ಲೆಕ್ಕ ಕೇಳುತ್ತಿದ್ದೆ. ಅದಕ್ಕಿಂತ ಒಳ್ಳೆಯ ನೆನಪಿನ ಪರೀಕ್ಷೆ ನನ್ನ ಹತ್ತಿರ ಇರಲಿಲ್ಲ.

ಅಕ್ಟೋಬರ್ ಕೊನೆಯ ಹೊತ್ತಿಗೆ 100ಕ್ಕೆ ಬಂದೆವು. ಭೂಮಿ ಹುಣ್ಣಿಮೆಗೆ ಕುಡಿಯಲಿಲ್ಲ. ದೀಪಾವಳಿಗೆ ಕುಡಿದರು, ಎರಡು ದಿನ, ಚೆನ್ನಾಗಿಯೇ. ಮೂರನೇ ದಿನ ಕ್ಯಾಲೆಂಡರ್ ಹಿಡಿದುಕೊಂಡು ಬಂದರು. ಆ ಎರಡು ಚೌಕದಲ್ಲಿ ಸಂಖ್ಯೆ ಬರೆದಿತ್ತು, ಮುಚ್ಚಿಟ್ಟಿರಲಿಲ್ಲ. ನವೆಂಬರಿನಲ್ಲಿ ತಿಂಗಳಿಗೆ ಆರು ದಿನ, ದಿನಕ್ಕೆ ಒಂದು ಕ್ವಾರ್ಟರಿಗಿಂತ ಕಡಿಮೆ. ಆ ವರ್ಷ ಮಾಲೆ ಹಾಕುವ ಮೊದಲು ಕೇಳಿಕೊಂಡು ಬಂದರು. ಅಷ್ಟು ಇಳಿದಿದ್ದ ಕುಡಿತವನ್ನು ನಿಲ್ಲಿಸಿದರೆ ಮರ ಚಿಮ್ಮುವ ಭಯ ಇರಲಿಲ್ಲ. ಮಾತ್ರೆ ನಿಲ್ಲಿಸದೆ ವ್ರತ ಮಾಡಿ ಎಂದೆ. ಮಾತ್ರೆ ವ್ರತಕ್ಕೆ ಅಡ್ಡಿಯಿಲ್ಲ ಎಂದು ಗುರುಸ್ವಾಮಿಗಳೂ ಹೇಳಿದರಂತೆ.

ಮಾರ್ಚ್ ಹೊತ್ತಿಗೆ ಲಿವರ್ ರಿಪೋರ್ಟ್ ಬಹುಮಟ್ಟಿಗೆ ಸರಿಯಾಗಿತ್ತು. ತೂಕ ಐದು ಕೆಜಿ ಇಳಿದು ಅಲ್ಲೇ ನಿಂತಿತು. ಮಾತ್ರೆಗೆ ಹಸಿವು ಕಡಿಮೆಯಾಗುತ್ತದೆ, ಮೊದಲೇ ತೆಳ್ಳಗಿದ್ದವರಾದರೆ ಇದು ತೊಂದರೆಯೇ. ಬಸುರಿಯರು, ಬಸುರಾಗಬಹುದಾದ ಹೆಣ್ಣುಮಕ್ಕಳ ವಿಷಯದಲ್ಲಂತೂ ಈ ಮಾತ್ರೆಗೆ ತುಂಬಾ ಎಚ್ಚರ ಬೇಕು. ಮಗುವಿಗೆ ಸೀಳುತುಟಿ ಬರುವ ಅಪಾಯ ಇದೆ. ಆದ್ದರಿಂದ ಇವರ ಕಥೆ ಕೇಳಿ ಯಾರೂ ಅಂಗಡಿಯಿಂದ ಸುಮ್ನೆ ತಂದು ನುಂಗಬಾರದು. ತಾಲೂಕು ಆಸ್ಪತ್ರೆಗಳಿಗೆ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ಬರುತ್ತಾರೆ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಒಂದು ವರ್ಷ ತುಂಬಿದ ಮೇಲೆ ಮಾತ್ರೆಯನ್ನು ಎರಡು ತಿಂಗಳು ಹಿಡಿದು ಇಳಿಸಿದೆವು. ಅವರು ಪೂರ್ತಿ ಬಿಟ್ಟಿಲ್ಲ. ತಿಂಗಳಿಗೆ ಒಂದೆರಡು ದಿನ ಇದೆ. ಮತ್ತೆ ಫಿಟ್ಸ್ ಬಂದಿಲ್ಲ. ಮಗಳ ಮದುವೆ ಆಯಿತು. ಹೆಂಡತಿ ಬಡಿಸಿದ್ದನ್ನು ಉಣ್ಣುತ್ತಾರೆ.

ಮೊನ್ನೆ ಕಾರ್ತಿಕದಲ್ಲಿ ಒಪಿಡಿ ಮುಗಿಯುವ ಹೊತ್ತಿಗೆ ಬಾಗಿಲಲ್ಲಿ ನಿಂತಿದ್ದರು. ಅವರಿಗೆ ಅವತ್ತು ಬರುವ ದಿನ ಅಲ್ಲ. ಜೊತೆಗೆ ಇನ್ನೊಬ್ಬರು, ಮೂವತ್ತರ ಆಸುಪಾಸು, ಕೈ ಸಣ್ಣಗೆ ನಡುಗುತ್ತಿತ್ತು.

"ನಮ್ಮ ತಂಡದ ಹುಡುಗ ಮೇಡಂ. ನಾಳೆ ಮಾಲೆ ಹಾಕ್ತಾನಂತೆ, ಇವತ್ತಿಗೆ ಕುಡಿಯೋದು ಬಿಟ್ಟನಂತೆ. ದಿನಕ್ಕೆ ಮೂರು ಹೊಡೀತಿದ್ದ. ಒಮ್ಮೆಗೇ ಕೈಬಿಟ್ರೆ ಚಿಮ್ಮತ್ತೆ ಮಾರಾಯಾ, ಮೊದ್ಲು ತೋರಿಸು ಅಂತ ಕರ್ಕೊಂಡು ಬಂದೆ."

ಆ ಹುಡುಗನನ್ನು ಕೂರಿಸಿ, ಕೊನೆಯ ಗುಟುಕು ಯಾವಾಗ ಎಂದು ಕೇಳಿದೆ.